ಶಂಖದ ಜಾಗದಲ್ಲಿ ದೀಪ

ಜುಲೈ 7, ಸೋಮವಾರ. ಬೆಳಿಗ್ಗೆ 10

ಮಂಚದ ಮೇಲೆ ಮತ್ತೆ ಕಾಗದ. ಮೂರು ರಾಶಿ. ಕಾಲು ಚಾಚಲು ಜಾಗವಿಲ್ಲ. ಇದು ಮನೆಯೋ ಶಾಲೆಯ ಸ್ಟಾಫ್ ರೂಮೋ. ಬಾಯಿಬಿಟ್ಟು ಕೇಳಿದರೆ ಸೊಸೆಗೆ ಕೋಪ. ಅದಕ್ಕೇ ಇಲ್ಲಿ ಬರೆಯುವುದು. ಈ ನೋಟುಬುಕ್ಕನ್ನು ಕೊಟ್ಟವಳೂ ಅವಳೇ. ಹೋದ ವರ್ಷ ಅವಳ ಅಕ್ಕ ಬಂದಾಗ ನಾನು ಏನೋ ಅಂದೆನಂತೆ, ಅವರು ಊಟ ಮಾಡದೆ ಎದ್ದು ಹೋದರಂತೆ. ಮಾರನೆಯ ದಿನ ಇದನ್ನು ತಂದು ಕೈಗಿಟ್ಟಳು. "ಅತ್ತೆ, ಬಾಯಿಗೆ ಬಂದಿದ್ದನ್ನ ಮೊದ್ಲು ಇದ್ರಲ್ಲಿ ಬರೀರಿ. ಬರೆದ ಮೇಲೂ ಹೇಳ್ಬೇಕು ಅನ್ಸಿದ್ರೆ ಆಗ ಹೇಳಿ." ಮಗ ರವಿಚಂದ್ರ ಬಾಗಿಲ ಮರೆಯಲ್ಲಿ ನಗುತ್ತಿದ್ದ. ಇದು ಎರಡನೆಯ ಪುಸ್ತಕ. ಬರೆದ ಮೇಲೂ ಹೇಳಬೇಕು ಅನ್ನಿಸುವುದೇ ಹೆಚ್ಚು.

ಕಾಗದದ ವಿಷಯ. ಸೊಸೆ ಶಾಲಿನಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೇಸಿಗೆಯಲ್ಲಿ ಟ್ರೈನಿಂಗ್‌ಗೆ ಹೋಗಿದ್ದಳು, ಅಲ್ಲಿಂದ ಒಂದು ಹೆಸರು ಹೊತ್ತು ತಂದಳು. ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್. ಬರೆಯಲು ಮೂರು ಸಲ ಕೇಳಿದೆ. ಒಂಬತ್ತನೇ ಕ್ಲಾಸಿನಲ್ಲಿ ನಲವತ್ತಾರು ಮಕ್ಕಳು. ಕೆಲವಕ್ಕೆ ಇಂಗ್ಲಿಷ್ ಅಕ್ಷರ ಕೂಡಿಸಲು ಬಾರದು, ಕೆಲವು ಪಟಪಟ ಓದುತ್ತವೆ. ಎಲ್ಲಕ್ಕೂ ಒಂದೇ ಕೆಲಸ ಕೊಟ್ಟರೆ ಅರ್ಧ ಹೆದರುತ್ತವೆ, ಅರ್ಧ ಆಕಳಿಸುತ್ತವೆ. ಅದಕ್ಕೆ ಒಂದೇ ಪಾಠಕ್ಕೆ ಮೂರು ಬಗೆ ಹಾಳೆ. ಒಂದರಲ್ಲಿ ಚಿತ್ರ ನೋಡಿ ವಾಕ್ಯ ಪೂರ್ತಿ ಮಾಡುವುದು. ಇನ್ನೊಂದರಲ್ಲಿ ಇಬ್ಬರ ಮಾತುಕತೆ. ಮತ್ತೊಂದರಲ್ಲಿ ತಾವೇ ಪೂರಾ ಪತ್ರ ಬರೆಯುವುದು. ಯಾವುದು ಸುಲಭದ್ದು, ಯಾವುದು ಕಷ್ಟದ್ದು ಅಂತ ಮಕ್ಕಳಿಗೆ ತಿಳಿಯಬಾರದು. ಗುಂಪಿಗೊಂದು ಬಗೆ ಅಷ್ಟೇ ಅಂದುಕೊಂಡಿವೆ. ಒಂದು ಎರಡು ಮೂರು ಅಂತ ಹಾಕಿದರೆ ಗುಟ್ಟು ರಟ್ಟು. ಅದಕ್ಕೆ ಮೂಲೆಯಲ್ಲಿ ಗುರುತು. ಸುಲಭದ್ದಕ್ಕೆ ದೀಪ, ನಡುವಿನದಕ್ಕೆ ಹೂ, ಕಷ್ಟದ್ದಕ್ಕೆ ಶಂಖ.

ಗುರುತು ಬರೆಯುವವಳು ನಾನು. "ನಿಮ್ದು ರಂಗೋಲಿ ಕೈ ಅತ್ತೆ" ಅಂದಳು. ಹೊಗಳಿ ಕೆಲಸ ತೆಗೆಯುವುದು ಗೊತ್ತು ಅವಳಿಗೆ.

ದೀಪ ಹದಿನಾಲ್ಕು. ಹೂ ಇಪ್ಪತ್ತೆರಡು. ಶಂಖ ಹತ್ತು. ಬೆರಳು ಸೆಟೆದುಕೊಂಡಿದೆ.

ಜುಲೈ 9, ಬುಧವಾರ. ಮಧ್ಯಾಹ್ನ

ಈ ವ್ಯವಹಾರ ನನಗೆ ಸರಿ ಕಾಣುತ್ತಿಲ್ಲ. ಮಕ್ಕಳನ್ನು ಮೂರು ಮಾಡುವುದು ಯಾಕೆ. ನಂಜಯ್ಯ ಮೇಷ್ಟ್ರೂ ಇದನ್ನೇ ಮಾಡುತ್ತಿದ್ದರು. ನಮ್ಮೂರಿನ ಶಾಲೆ ಒಂದೇ ಕೋಣೆ, ನಾಲ್ಕು ಕ್ಲಾಸು, ಕ್ಲಾಸಿಗೊಂದು ಗೋಡೆ. ನಾಲ್ಕನೆಯದರಲ್ಲಿ ನನಗೆ ಭಾಗಾಕಾರ ಹತ್ತಲಿಲ್ಲ. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. ಭುಜ ಹಿಡಿದು ಎರಡನೇ ಕ್ಲಾಸಿನ ಗೋಡೆಗೆ ತಿರುಗಿಸಿ ಕೂರಿಸಿದರು. ಪಕ್ಕದಲ್ಲಿ ನನ್ನ ತಮ್ಮ. ಅವನು ಸ್ಲೇಟು ಅಡ್ಡ ಹಿಡಿದು ನಕ್ಕ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ತಿರುಗಿ ಹೋಗಲಿಲ್ಲ. ಕರೆಯಲು ಯಾರೂ ಬರಲಿಲ್ಲ. ಹಾಜರಿಯಿಂದ ಹೆಸರು ಹೊಡೆದರು ಅಂತ ಯಾವಾಗಲೋ ಅಪ್ಪ ಕಣದಲ್ಲಿ ಯಾರಿಗೋ ಹೇಳುತ್ತಿದ್ದ, ಕೇಳಿಸಿತು.

ಶಾಲಿನಿಗೆ ಇದನ್ನೆಲ್ಲ ಹೇಳಲಿಲ್ಲ. ನೀನೂ ಗೋಡೆಗೆ ತಿರುಗಿಸುತ್ತೀಯಾ ಅಂತ ಮಾತ್ರ ಕೇಳಿದೆ. ಯಾವ ಗೋಡೆ ಅತ್ತೆ ಅಂದಳು. ಆಮೇಲೆ ಅಂದಳು, ಪಾಠ ಎಲ್ಲರಿಗೂ ಒಂದೇ, ಯಾರಿಗೆ ಎಷ್ಟು ಹೇಳಿಕೊಡಬೇಕು ಅನ್ನುವುದಷ್ಟೇ ಬೇರೆ. ಕಲಿತ ಮಕ್ಕಳನ್ನು ಮುಂದಿನ ಹಾಳೆಗೆ ದಾಟಿಸುತ್ತಾಳಂತೆ. ನೋಡೋಣ.

ಜುಲೈ 15, ಮಂಗಳವಾರ

ಇವತ್ತು ಶಾಲಿನಿ ಸ್ಕೂಟರು ನಿಲ್ಲಿಸಿ ಹೆಲ್ಮೆಟ್ಟೂ ತೆಗೆಯದೆ ಒಳಗೆ ಬಂದಳು. ವರ್ಷಿಣಿ ಎದ್ದು ನಿಂತು ಒಂದು ಪೂರಾ ವಾಕ್ಯ ಓದಿದಳಂತೆ. ವರ್ಷಿಣಿ ಅಂದರೆ ನಮ್ಮ ಬೀದಿ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿರುವ ಮೂಗಯ್ಯನ ಮಗಳು. ಸಂಜೆ ಬಟ್ಟೆ ಗಂಟು ತಂದುಕೊಡುವವಳು. ಎಂಟನೇ ಕ್ಲಾಸು ಮುಗಿಯುವವರೆಗೂ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ತೆರೆದವಳಲ್ಲವಂತೆ. ದೀಪದ ಹಾಳೆಯ ಹುಡುಗಿ. ಶಾಲಿನಿಯೇ ಪಕ್ಕದಲ್ಲಿ ಕೂತು, ಮೊದಲು ಕನ್ನಡದಲ್ಲಿ ಮಾತಾಡಿಸಿ, ಆಮೇಲೆ ಇಂಗ್ಲಿಷ್ ಪದ ಕೊಟ್ಟು ಕೊಟ್ಟು ಮಾತು ಹೊರಡಿಸಿದ್ದಾಳೆ. ಮುಂದಿನ ತಿಂಗಳು ಅವಳಿಗೆ ಹೂ ಅಂದಳು. ಕಣ್ಣಲ್ಲಿ ನೀರು ಶಾಲಿನಿಗೆ. ಒಂದು ವಾಕ್ಯಕ್ಕೆ.

ಸಂಜೆ ವರ್ಷಿಣಿ ಬಟ್ಟೆ ತಂದಳು. ಏನೇ ಇಂಗ್ಲಿಷ್ ದೊರೆಸಾನಿ ಅಂದೆ. ಗಂಟು ಇಟ್ಟು ಓಡಿದಳು. ಗೇಟಿನ ಹತ್ತಿರ ತಿರುಗಿ ನೋಡಿ ನಕ್ಕಳು.

ದೀಪ ಬರೆಯುವಾಗ ಈಗ ಸ್ವಲ್ಪ ನಿಧಾನ ಮಾಡುತ್ತೇನೆ. ಜ್ವಾಲೆ ನೆಟ್ಟಗಿರಬೇಕು.

ಜುಲೈ 18, ಶುಕ್ರವಾರ

ಕೊನೆಯ ಆಷಾಢ ಶುಕ್ರವಾರ. ದೇವಿ ದರ್ಶನಕ್ಕೆ ಬೆಟ್ಟ ಹತ್ತುವವರ ನೂಕುನುಗ್ಗಲಿನಲ್ಲಿ ನನಗೇನು ಕೆಲಸ. ತರಕಾರಿ ಗಾಡಿ ಹತ್ತಿರ ಹೋದೆ. ಅಲ್ಲಿ ಎದುರು ಮನೆಯ ಇಂದ್ರಮ್ಮ. ಇವಳ ಮೊಮ್ಮಗ ಸುದರ್ಶನನೂ ಶಾಲಿನಿಯ ಕ್ಲಾಸಿನಲ್ಲೇ. ಹುರುಳಿಕಾಯಿ ಮುರಿದು ನೋಡುತ್ತ ಹೇಳಿದಳು, ನಮ್ಮ ಹುಡುಗನಿಗೆ ಪ್ರತಿ ಸಲವೂ ಹೂವಿನ ಹಾಳೆಯೇ ಬರುತ್ತದೆ, ನಿಮ್ಮ ಸೊಸೆಗೆ ಯಾರು ಜಾಣರು ಅಂತ ಗೊತ್ತು. ನಾಲ್ಕು ಜನ ಇದ್ದರು. ನಾಲ್ಕು ಜನರ ಮುಂದೆ ಹೇಳಿದಳು.

ನನಗೆ ಸುಮ್ಮನಿರಲು ಆಗಲಿಲ್ಲ. "ಹೂ ನಡುವಿಂದು ಕಣ್ರೀ ಇಂದ್ರಮ್ಮ. ಜಾಣ್ರಿಗೆ ಶಂಖ. ದೀಪ ಅಂದ್ರೆ ಇನ್ನೂ ಕೈ ಹಿಡಿದು ನಡೆಸ್ಬೇಕಾದೋವು. ಗುರುತು ಬರಿಯೋಳು ನಾನೇ ಅಲ್ವಾ."

ಅವಳ ಮುಖ ಇಳಿಯಿತು. ಚೆನ್ನಾಗಿತ್ತು. ಹುರುಳಿಕಾಯಿ ತೂಗಿಸದೆ ಹೊರಟಳು. ಮನೆಗೆ ಬರುವವರೆಗೂ ಚೆನ್ನಾಗಿತ್ತು.

ಜುಲೈ 22, ಮಂಗಳವಾರ. ರಾತ್ರಿ

ಶಾಲಿನಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. ಯಾರೋ ಹೇಳಿಬಿಟ್ಟಿದ್ದಾರೆ ಅಂದಳು. ಇಡೀ ಕ್ಲಾಸಿಗೆ ಗೊತ್ತಾಗಿದೆ. ದೀಪದ ಮಕ್ಕಳು ಬಾಗಿಲಿಗೆ ಬಂದರೆ "ದೀಪ ಬಂತು, ದಾರಿ ಬಿಡಿ" ಅಂತ ಕೂಗುತ್ತಾರಂತೆ. ಸ್ಟಾಫ್ ರೂಮಿನಲ್ಲಿ ವೇದವತಿ ಅಂತ ಇನ್ನೊಬ್ಬ ಟೀಚರ್ ಇದ್ದಾರೆ, ಅವರಿಗೆ ಮೊದಲಿಂದ ಈ ಮೂರು ಹಾಳೆ ಇಷ್ಟವಿಲ್ಲ. ಅವರದೇ ಕೆಲಸ ಅಂತ ಶಾಲಿನಿಯ ಲೆಕ್ಕ. ಅವರ ಜೊತೆ ಮಾತು ಬಿಟ್ಟಿದ್ದಾಳೆ.

ನಾನು ಮಜ್ಜಿಗೆ ಬಡಿಸಿದೆ.

ಇಲ್ಲಿ ಬರೆದಾಯಿತು. ಬರೆದ ಮೇಲೂ ಹೇಳಬೇಕು ಅನ್ನಿಸುತ್ತಿದೆ. ಹೇಳಲಾಗುತ್ತಿಲ್ಲ.

ಜುಲೈ 23, ಬುಧವಾರ

ವರ್ಷಿಣಿ ಬಟ್ಟೆ ತಂದು ಗೇಟಿನ ಹತ್ತಿರವೇ ಇಟ್ಟು ಹೋದಳು. ಕರೆದೆ. ಕೇಳಿಸದ ಹಾಗೆ ಹೋದಳು.

ಕೂತರೆ ಏಳಬೇಕು, ಎದ್ದರೆ ಕೂರಬೇಕು. ಟಿವಿ ಹಾಕಿದೆ, ಆರಿಸಿದೆ. ಹೊಸ್ತಿಲು ಎರಡು ಸಲ ತೊಳೆದೆ.

ಜುಲೈ 24, ಗುರುವಾರ. ಮಧ್ಯಾಹ್ನ 3

ಉಪಾಯ ಹೊಳೆದಿದೆ.

ನಾಳೆಯ ಹಾಳೆ ಮಂಚದ ಮೇಲಿದೆ. ಗುರುತು ಮುಂದಿನ ತಿಂಗಳು ಬದಲಿಸುತ್ತಾಳಂತೆ, ಈ ಸಲಕ್ಕೆ ಹಳೆಯದೇ. ಮೂರು ರಾಶಿ, ಒಂದೊಂದರ ಮೇಲೂ ಶಾಲಿನಿ ಚೀಟಿ ಅಂಟಿಸಿದ್ದಾಳೆ, ಇದಕ್ಕೆ ದೀಪ, ಇದಕ್ಕೆ ಹೂ, ಇದಕ್ಕೆ ಶಂಖ ಅಂತ. ನಾನು ಚೀಟಿ ಕಿತ್ತು ದೀಪದ ರಾಶಿಗೆ ಶಂಖ ಬರೆದೆ. ಶಂಖದ ರಾಶಿಗೆ ದೀಪ. ಎಣಿಕೆ ಸರಿಹೊಂದಿಸಲು ಶಾಲಿನಿ ಹೆಚ್ಚುವರಿ ಇಟ್ಟಿದ್ದ ಹಾಳೆಗಳನ್ನು ಸೇರಿಸಿದೆ. ನಾಳೆ ದೊಡ್ಡ ಜಾಣರ ಹಾಳೆಯ ಮೇಲೆ ದೀಪ ಇರುತ್ತದೆ. ಆಗ ಯಾರು ಯಾರನ್ನು ಕೂಗುತ್ತಾರೆ ನೋಡೋಣ. ಗುರುತು ಕೆಟ್ಟಿತು ಅಂದರೆ ಗುಟ್ಟು ಮತ್ತೆ ಗುಟ್ಟಾಯಿತು.

ಇಂಗ್ಲಿಷ್ ಬಾರದಿದ್ದರೇನಂತೆ. ತಲೆ ಇದೆ.

ಜುಲೈ 25, ಶುಕ್ರವಾರ. ಸಂಜೆ 6

ಬರೆಯಲು ಕೈ ಬರುತ್ತಿಲ್ಲ. ಆದರೂ.

ಹೆಡ್ ಮಾಸ್ಟರ್ ಸಿದ್ದಲಿಂಗಸ್ವಾಮಿ ಇವತ್ತು ಕ್ಲಾಸು ನೋಡಲು ಬಂದಿದ್ದರು. ಬರುತ್ತಾರೆ ಅಂತ ಶಾಲಿನಿಗೆ ಮೊದಲೇ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಅವರ ಜೊತೆ ಮಾತಾಡುತ್ತ, ಕಟ್ಟು ಬಿಚ್ಚಿ ನೋಡದೆ, ಗುರುತಿನ ಪ್ರಕಾರ ಗುಂಪಿನ ಲೀಡರುಗಳ ಕೈಗೆ ಕೊಟ್ಟಳಂತೆ. ದೀಪದ ಕಟ್ಟು ದೀಪದ ಮಕ್ಕಳಿಗೆ. ಅವಳ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಇರುತ್ತದೆ. ಗುರುತು ಬದಲಾದರೆ ಹಾಳೆ ಬದಲಾಗುತ್ತದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಯಾರ ಹಾಳೆ ಯಾರಿಗೆ ಹೋಗುತ್ತದೆ ಅಂತ ಯೋಚಿಸಲಿಲ್ಲ. ಚಿತ್ರ ಮಾತ್ರ ಯೋಚಿಸಿದೆ.

ಶಂಖದ ಮಕ್ಕಳು ಐದು ನಿಮಿಷದಲ್ಲಿ ಮುಗಿಸಿ ಗಲಾಟೆಗೆ ಶುರು. ದೀಪದ ಹದಿನಾಲ್ಕೂ ಸುಮ್ಮನೆ. ಹೆಡ್ ಮಾಸ್ಟರ್ ವರ್ಷಿಣಿಯ ಮುಂದೆ ನಿಂತು ಹಾಳೆ ಎತ್ತಿದರು. ಓದು ಅಂದರು. ಅವಳು ಎದ್ದು ನಿಂತಳು. ನಿಂತೇ ಇದ್ದಳು. ಹಿಂದಿನಿಂದ ಯಾರೋ "ದೀಪ ಆರಿತು" ಅಂದರು. ಇಡೀ ಕ್ಲಾಸು ನಕ್ಕಿತು. ಶಾಲಿನಿಗೆ ಆಗ ಹಾಳೆ ಕಣ್ಣಿಗೆ ಬಿತ್ತು.

ಸೋಮವಾರದಿಂದ ಎಲ್ಲರಿಗೂ ಒಂದೇ ಹಾಳೆ, ಈ ಪ್ರಯೋಗ ಸಾಕು ಅಂದಿದ್ದಾರೆ ಹೆಡ್ ಮಾಸ್ಟರ್.

ನನ್ನನ್ನು ಒಂದು ಮಾತೂ ಬೈಯಲಿಲ್ಲ ಶಾಲಿನಿ. ಪಕ್ಕಕ್ಕೆ ಬಂದು ಕೂತಳು. "ಅತ್ತೆ, ನಿಮ್ ಕಣ್ಣು ಮಂಜಾಗ್ತಿರೋದು ನಂಗೆ ಗೊತ್ತಾಗ್ಲೇ ಇಲ್ಲ. ಇಷ್ಟು ಸಣ್ಣ ಕೆಲ್ಸ ನಿಮಗೆ ಕೊಡಬಾರ್ದಿತ್ತು. ತಪ್ಪು ನಂದೇ."

ಅವಳು ಬೈದಿದ್ದರೆ ಎದುರು ಬೈದು ಮುಗಿಸುತ್ತಿದ್ದೆ.

ಜುಲೈ 28, ಸೋಮವಾರ

ರವಿಚಂದ್ರ ಅರ್ಧ ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಗಲ್ಲ ಇಡು ಅಂದರು, ಇಟ್ಟೆ. ಅಕ್ಷರ ಓದು ಅಂದರು, ಕೊನೆಯ ಸಾಲಿನವರೆಗೂ ಓದಿದೆ. ಪೊರೆ ಆಪರೇಷನ್ ಆದ ಕಣ್ಣು ಚೆನ್ನಾಗಿದೆ, ಇನ್ನೂ ಹತ್ತು ವರ್ಷ ಸೂಜಿಗೆ ದಾರ ಪೋಣಿಸಬಹುದು ಅಂದರು ಆ ಡಾಕ್ಟರಮ್ಮ. ರವಿಚಂದ್ರ ಮನೆ ಹತ್ತಿರ ಬಂದಾಗ ಸ್ಕೂಟರು ನಿಲ್ಲಿಸಿ, "ಅವ್ವ, ಕಣ್ಣು ಸರಿ ಇದ್ರೆ ಎಂಗೆ ತಪ್ಪಾಯ್ತು" ಅಂದ. ಇಳಿಯಕ್ಕೆ ಕೈ ಕೊಡೋ ಅಂದೆ. ಕೊಟ್ಟ. ಮತ್ತೆ ಕೇಳಲಿಲ್ಲ. ಬಹುಶಃ ಅವನಿಗೆ ಗೊತ್ತು. ಸುಮ್ಮನಿರುವುದನ್ನು ಅವರಪ್ಪನಿಂದ ಕಲಿತಿದ್ದಾನೆ, ನನ್ನಿಂದಲ್ಲ.

ಶಾಲಿನಿಗೆ ಏನು ಹೇಳಿದನೋ. ವಯಸ್ಸು ಅಂದಿರಬೇಕು.

ಆಗಸ್ಟ್ 4, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಅಂತಲ್ಲ.

ಮಂಚ ಖಾಲಿ ಇದೆ. ಕಾಗದವಿಲ್ಲ. ಕಾಲು ಚಾಚಿ ಮಲಗಬಹುದು. ನಿದ್ದೆ ಬರುವುದಿಲ್ಲ.

ವರ್ಷಿಣಿ ಆ ಶುಕ್ರವಾರದಿಂದ ಶಾಲೆಗೆ ಹೋಗಿಲ್ಲ. ಬಟ್ಟೆಯನ್ನು ಮೂಗಯ್ಯನೇ ತರುತ್ತಾನೆ. ಇವತ್ತು ನಿಲ್ಲಿಸಿ ಕೇಳಿದೆ. "ಏನ್ಮಾಡ್ಲಿ ಅಮ್ಮಾರೆ, ಒಲ್ಲೆ ಅಂತ ಕೂತವ್ಳೆ. ಓದಿದ್ದು ಸಾಕಂತೆ." ಅವನ ತಂಗಿ ದೇವರಾಜ ಮೊಹಲ್ಲಾದಲ್ಲಿ ಸೀರೆಗೆ ಫಾಲ್ಸ್ ಹಾಕುವ ಅಂಗಡಿಯಲ್ಲಿದ್ದಾಳೆ. ಗೌರಿ ಹಬ್ಬಕ್ಕೆ ಸೀರೆ ರಾಶಿ ಬೀಳುತ್ತವೆ, ಕೈ ಬೇಕು. ಬರುವ ಸೋಮವಾರದಿಂದ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾಳಂತೆ. ಹಬ್ಬದವರೆಗೆ ಅಷ್ಟೇ ಅಂದ ಮೂಗಯ್ಯ. ಅವನೇ ನಂಬಿದ ಹಾಗೆ ಕಾಣಲಿಲ್ಲ. ನಾನೂ ನಂಬುವುದಿಲ್ಲ. ಒಂದು ಸಲ ಬಿಟ್ಟರೆ ಬಿಟ್ಟ ಹಾಗೆ.

ಶಾಲಿನಿ ಎರಡು ಸಲ ಅವರ ಮನೆಗೆ ಹೋಗಿದ್ದಾಳೆ. ಹುಡುಗಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಬಾಗಿಲಲ್ಲೇ ನಿಂತು ಮಾತಾಡಿ ಬಂದಳಂತೆ. ಅಲ್ಲಿಂದ ಬಂದು ಶಾಲಿನಿ ಕೈ ತೊಳೆದು, ಯಾವತ್ತಿನ ಹಾಗೆ ಚಪಾತಿ ಹಿಟ್ಟು ಕಲಸಿದಳು. ಹಿಟ್ಟಿಗೆ ಉಪ್ಪು ಹಾಕಿರಲಿಲ್ಲ. ಸುಮ್ಮನೆ ತಿಂದೆ.

ನಾನು ಉಪ್ಪಿಲ್ಲದ ಚಪಾತಿ ಸುಮ್ಮನೆ ತಿಂದೆ. ಈ ಮನೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಆಗಸ್ಟ್ 6, ಬುಧವಾರ. ಮಧ್ಯಾಹ್ನ 1

ಹೋಗಿ ಬಂದೆ.

ಮೂಗಯ್ಯನ ಮನೆ ದಟ್ಟಗಳ್ಳಿ ಕಡೆ ಹೋಗುವ ರಸ್ತೆಯ ಹಿಂದೆ, ಸಾಲು ಮನೆಗಳಲ್ಲಿ ಕೊನೆಯದು. ಆಟೋದವನಿಗೆ ದಾರಿ ಹೇಳಿ ಹೇಳಿ ಗಂಟಲು ಒಣಗಿತು. ಮೂಗಯ್ಯ ಗಾಡಿ ಹತ್ತಿರ, ಅವನ ಹೆಂಡತಿ ಮನೆಗೆಲಸಕ್ಕೆ. ಹುಡುಗಿ ಒಬ್ಬಳೇ. ಹಳೆಯ ಸೀರೆಗೆ ಫಾಲ್ಸ್ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹೊಲಿಗೆ ಚೆನ್ನಾಗಿತ್ತು. ಚೆನ್ನಾಗಿರುವುದು ನೋಡಿ ಇನ್ನೂ ಸಂಕಟವಾಯಿತು.

"ಬಟ್ಟೆ ಅಪ್ಪ ತಂದ್ಕೊಡ್ತಾರೆ ಅಜ್ಜಿ."

ಬಟ್ಟೆ ಕೇಳಲು ಬಂದಿಲ್ಲ ಕಣೇ ಅಂದೆ. ಕೆಳಗೆ ಕೂತೆ. ಕೂರಲು ಸಮಯ ಹಿಡಿಯಿತು, ಅವಳು ಕೈ ಕೊಡಲಿಲ್ಲ. ಶಾಲೆಗೆ ಹೋಗು ಅಂತ ಶುರು ಮಾಡಿದೆ. ಎಲ್ಲರೂ ಹೇಳುವುದನ್ನೇ ಹೇಳಿದೆ. ಸೂಜಿ ಎತ್ತುತ್ತಲೇ ಕೇಳಿದಳು. ನನ್ನ ನಾಲ್ಕನೇ ಕ್ಲಾಸಿನ ಕತೆ ಹೇಳಲು ಹೊರಟೆ. ಅದಕ್ಕೂ ಅವಳ ಕೈ ನಿಲ್ಲಲಿಲ್ಲ. ಮುದುಕಿಯರ ಕತೆ ಅವಳಿಗೇಕೆ. ಅರ್ಧಕ್ಕೇ ಬಿಟ್ಟೆ.

ಆಮೇಲೆ ಅವಳೇ ಮಾತಾಡಿದಳು. ತಲೆ ಎತ್ತಲಿಲ್ಲ.

"ನೀನು ಚೆನ್ನಾಗಿ ಓದ್ತಿದೀಯ ಅಂತ ಮಿಸ್ ಹೇಳ್ತಿದ್ರು. ನಾನು ನಂಬ್ದೆ. ಹೆಡ್ ಮಾಸ್ಟ್ರು ಬರೋ ದಿನಾನೇ ಆ ಹಾಳೆ ಕೊಟ್ರು. ಬೇಕಂತ್ಲೇ ಕೊಟ್ರು. ದೀಪ ಅಂದ್ರೆ ದಡ್ರು ಅಂತ ಹೇಳಿದ್ದೂ ಅವ್ರೇ ಇರ್ಬೇಕು. ಅವ್ರನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು."

ನೆಲದ ಮೇಲೆ ಬಿದ್ದಿದ್ದ ದಾರದ ತುಂಡು ಎತ್ತಿಟ್ಟೆ.

"ನಂಗೆ ಗೊತ್ತಿತ್ತು" ಅಂದೆ. "ಇಂದ್ರಮ್ಮಂಗೆ ಹೇಳಿದ್ದು ನಾನು. ಅವಳ ಜಂಬ ಇಳಿಸ್ಬೇಕು ಅಂತ ಹೇಳ್ಬುಟ್ಟೆ. ಹಾಳೆ ಗುರುತು ಅದಲುಬದಲು ಮಾಡಿದ್ದೂ ನಾನೇ. ಸರಿ ಮಾಡಕ್ಕೆ ಹೋಗಿ ಕೆಡಿಸ್ದೆ. ನಿಮ್ ಮಿಸ್‌ಗೆ ಎರಡೂ ಗೊತ್ತಿಲ್ಲ."

ಸೂಜಿ ನಿಂತಿತು. ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ನನ್ನನ್ನು ನೋಡಿದಳು, ಹೊಲಿಗೆ ನೆಟ್ಟಗಿದೆಯೋ ಇಲ್ಲವೋ ಅಂತ ನೋಡುವ ಹಾಗೆ.

"ಮಿಸ್ ಅವತ್ತು ಬಾಗ್ಲಲ್ಲಿ ನಿಂತು ತಪ್ಪಾಯ್ತು ಕಣೇ ಅಂದ್ರು ಅಜ್ಜಿ. ತಪ್ಪು ಮಾಡ್ದಿದ್ರೆ ಯಾಕೆ ಹಂಗಂತಾರೆ ಅಂತ ನಾನು ಬರ್ಲಿಲ್ಲ. ಅದು ನೀವು ಅನ್ಬೇಕಾಗಿದ್ದು."

ಹೌದು ಅಂದೆ.

"ಸುಮ್ನೆ ನಂಗೆ ಸಮಾಧಾನ ಮಾಡಕ್ಕೆ ಹೇಳ್ತಿದೀರೇನೋ. ಮಿಸ್‌ನ ಕಾಪಾಡಕ್ಕೆ."

ನನ್ನ ಬಾಯಿಗೆ ಅಷ್ಟು ಒಳ್ಳೆಯ ಹೆಸರು ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ನಗು ಬಂತು. ಅವಳಿಗೆ ಬರಲಿಲ್ಲ.

"ಮಿಸ್ ಮುಂದೆ ಹೇಳಿ. ನಾನು ಕೇಳಿಸ್ಕೋಬೇಕು. ಆಮೇಲೆ ಶಾಲೆಗೆ ಹೋಗ್ತೀನೋ ಇಲ್ವೋ ನೋಡ್ತೀನಿ."

ಹದಿನಾಲ್ಕು ವರ್ಷ. ಷರತ್ತು ಹಾಕುತ್ತಾಳೆ. ಸಂಜೆ ಬಾ ಅಂದೆ. ಏಳುವಾಗ ಕೈ ಕೊಟ್ಟಳು.

ಸಂಜೆ 4.20

ಬಂದಿದ್ದಾಳೆ. ಯೂನಿಫಾರ್ಮ್ ಇಲ್ಲ, ಹಸಿರು ಚೂಡಿದಾರ. ಒಳಗೆ ಬಾ ಅಂದರೆ ಬರಲಿಲ್ಲ. ಜಗಲಿಯ ಮೇಲೆ ಕೂತಿದ್ದಾಳೆ. ಕಾಫಿ ಬೇಡ, ಬಿಸ್ಕತ್ತು ಬೇಡ. ನೀರು ಕುಡಿದಳು.

ಶಾಲಿನಿ ಬರುವುದು ನಾಲ್ಕೂ ಮುಕ್ಕಾಲಿಗೆ.

ಒಬ್ಬಳೇ ಇದ್ದಾಗ ಹೇಳಿದ್ದರೆ ಆಗುತ್ತಿತ್ತು. ಅಡುಗೆಮನೆಯಲ್ಲಿ, ಅವಳು ಬೆನ್ನು ತಿರುಗಿಸಿದಾಗ. ಕ್ಲಾಸಿನ ಹುಡುಗಿಯ ಮುಂದೆ ಅತ್ತೆ ಸೊಸೆಗೆ ತಪ್ಪೊಪ್ಪಿಕೊಳ್ಳುವುದು. ಎದುರು ಮನೆಯ ಕಿಟಕಿ ಬೇರೆ ತೆರೆದಿದೆ, ಇಂದ್ರಮ್ಮನ ಕಿವಿ ಬೀದಿಯಲ್ಲೇ ಇರುತ್ತದೆ. ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳೋಣವೇ... ಬೇಡ. ಬಾಗಿಲು ಹಾಕಿದರೆ ಅವಳು ನಂಬುವುದಿಲ್ಲ.

ವೇದವತಿ ಟೀಚರ ವಿಷಯವೂ ಹೇಳಬೇಕು. ಪಾಪ, ಅವರ ಮೇಲೆ ಸುಮ್ಮನೆ ಅನುಮಾನ. ಶಾಲಿನಿ ಅವರ ಹತ್ತಿರ ಹೋಗಿ ಮಾತಾಡಬೇಕು. ಹೆಡ್ ಮಾಸ್ಟರ ಹತ್ತಿರ ನಾನೇ ಹೋಗುತ್ತೇನೆ. ಹಾಳೆ ಕೆಡಿಸಿದವಳು ನಾನು, ಪಾಠದ ಕ್ರಮ ಕೆಟ್ಟದ್ದಲ್ಲ ಸ್ವಾಮಿ ಅಂತ. ಅವರು ಕೇಳುತ್ತಾರೋ ಇಲ್ಲವೋ. ಆದರೆ ಅದು ಆಮೇಲೆ. ಮೊದಲು ಇದು.

ಸಂಜೆ 4.40

ಕನ್ನಡಕ ಒರೆಸಿದೆ. ಸೆರಗು ಸರಿ ಮಾಡಿಕೊಂಡೆ. ನೀರು ತರುವ ನೆಪದಲ್ಲಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬರೆದು ಬರೆದು ನೋಡಿದೆ, ಮಾತು ಜೋಡಿಸಲು ಆಗುತ್ತಿಲ್ಲ. ಬೈಗುಳವಾದರೆ ಬರೆಯುವ ಮೊದಲೇ ಬರುತ್ತದೆ.

ಸ್ಕೂಟರು ತಿರುವಿನಲ್ಲಿ.

"ಅಜ್ಜೀ, ಮಿಸ್ ಬಂದ್ರು" ಅಂತಿದ್ದಾಳೆ ಜಗಲಿಯಿಂದ. ಕೇಳಿಸಿತು. ಶಾಲಿನಿ ಗಾಡಿ ನಿಲ್ಲಿಸಿದಳು, ಹುಡುಗಿಯ ಹೆಸರು ಹಿಡಿದು ಕರೆದಳು. ಹುಡುಗಿ ಕಾಯುತ್ತಿದ್ದಾಳೆ, ನನಗೆ. ಏಳಬೇಕು. ಕಾಫಿ ಕೊಡುವ ಮೊದಲೇ ಹೇಳುವುದು, ನಿಂತೇ ಹೇಳುವುದು. ಶಾಲಿನಿ, ಆ ದಿನ ನನ್ನ ಕಣ್ಣು ಚೆನ್ನಾಗೇ ಇತ್ತು.